ಪಾಲಿಸೈಥೀಮಿಯಾ ವೆರಾ: ರಕ್ತ ತೆಗೆಸುವುದೋ, ಮಾತ್ರೆಯೋ, ಇಂಟರ್‌ಫೆರಾನೋ? ಉತ್ತರ ಕನ್ನಡದವರಿಗೊಂದು ಹೋಲಿಕೆ

ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂಬ ಅಳತೆ) 56, ಹಿಮೋಗ್ಲೋಬಿನ್ 18.5 ಎಂದು ಬರೆದ ರಿಪೋರ್ಟ್ ಹಿಡಿದು ಕಾರವಾರದವರು ಗೋವೆಗೆ, ಕುಮಟಾ-ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿ ಕಡೆಯವರು ಹುಬ್ಬಳ್ಳಿಗೆ ಹೋಗುತ್ತಾರೆ. ಕಾಯಿಲೆಯ ಹೆಸರು ಎಲ್ಲ ಕಡೆ ಒಂದೇ: ಪಾಲಿಸೈಥೀಮಿಯಾ ವೆರಾ. ಅಸ್ಥಿಮಜ್ಜೆ ತಡೆಯಿಲ್ಲದೆ ಕೆಂಪು ರಕ್ತಕಣ ತಯಾರಿಸುವ ಕಾಯಿಲೆ ಅದು. ಚಿಕಿತ್ಸೆಯ ಮಾತು ಬಂದಾಗ ಮಾತ್ರ ಒಬ್ಬ ವೈದ್ಯರು ಆಗಾಗ ರಕ್ತ ತೆಗೆಸಿ ಆಸ್ಪಿರಿನ್ ತಗೊಂಡರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಹೈಡ್ರಾಕ್ಸಿಯೂರಿಯಾ ಬರೆದುಕೊಡುತ್ತಾರೆ, ಮತ್ತೊಬ್ಬರು ಇಂಟರ್‌ಫೆರಾನ್ ಇಂಜೆಕ್ಷನ್ ಶುರು ಮಾಡೋಣ ಎನ್ನುತ್ತಾರೆ. ಮೂವರೂ ಸರಿಯಿರಬಹುದು. ಈ ಚಿಕಿತ್ಸೆಗಳು ಕಾಯಿಲೆಯ ಬೇರೆ ಬೇರೆ ಹಂತಕ್ಕೆ ಕೈಹಾಕುತ್ತವೆ. ಯಾವುದು ಎಲ್ಲಿ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಉಳಿದರ್ಧವನ್ನು ನಿಮ್ಮ ವಯಸ್ಸು, ಊರು, ಕೆಲಸ, ಕೈಯಲ್ಲಿರುವ ದುಡ್ಡು ತೀರ್ಮಾನಿಸುತ್ತವೆ.

ಮೊದಲು ಕಾಯಿಲೆ ಇದೇ ಹೌದೇ?

ಪಿಸಿವಿ ಹೆಚ್ಚಿದ್ದವರಿಗೆಲ್ಲ ಪಾಲಿಸೈಥೀಮಿಯಾ ವೆರಾ ಇರುವುದಿಲ್ಲ. ಬೀಡಿ-ಸಿಗರೇಟು, ಹಳೆಯ ಶ್ವಾಸಕೋಶದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ, ಟೆಸ್ಟೊಸ್ಟೆರಾನ್ ಇಂಜೆಕ್ಷನ್, ಮೂತ್ರಪಿಂಡದ ಕೆಲವು ಗಡ್ಡೆ, ಇವೆಲ್ಲ ಕೆಂಪು ಕಣವನ್ನು ಏರಿಸುತ್ತವೆ. ಮೇ ತಿಂಗಳ ಬಿಸಿಲಿನಲ್ಲಿ ಇಡೀ ದಿನ ದೋಣಿಯಲ್ಲಿದ್ದು ಸಾಕಷ್ಟು ನೀರು ಕುಡಿಯದೆ ರಕ್ತ ಕೊಟ್ಟರೂ ಪಿಸಿವಿ ಹೆಚ್ಚು ಕಾಣುತ್ತದೆ. ಹಿಮೋಗ್ಲೋಬಿನ್ ಗಂಡಸರಲ್ಲಿ 16.5, ಹೆಂಗಸರಲ್ಲಿ 16 ದಾಟಿದರೆ, ಅಥವಾ ಪಿಸಿವಿ ಗಂಡಸರಲ್ಲಿ 49, ಹೆಂಗಸರಲ್ಲಿ 48 ದಾಟಿದರೆ ಮುಂದಿನ ಪರೀಕ್ಷೆ ಬೇಕು. ಅದರಲ್ಲಿ ಮುಖ್ಯವಾದವು ಎರಡು: ರಕ್ತದಲ್ಲಿ ಜ್ಯಾಕ್-2 ಎಂಬ ಜೀನಿನ ಮ್ಯುಟೇಶನ್ (ಬದಲಾವಣೆ) ಮತ್ತು ಕೆಂಪು ಕಣ ತಯಾರಿಸಲು ಹೇಳುವ ಎರಿಥ್ರೊಪೊಯೆಟಿನ್ ಹಾರ್ಮೋನಿನ ಮಟ್ಟ. ಜ್ಯಾಕ್-2 ಪಾಸಿಟಿವ್, ಎರಿಥ್ರೊಪೊಯೆಟಿನ್ ಕಡಿಮೆ ಎಂದಾದರೆ ಸಂಶಯ ಬಹುಮಟ್ಟಿಗೆ ನಿಜ. ಖಾತ್ರಿಗೆ ಅಸ್ಥಿಮಜ್ಜೆಯ ಪರೀಕ್ಷೆಯನ್ನೂ ಮಾಡುತ್ತಾರೆ.

ಇದರ ಉಲ್ಟಾ ಮೋಸವೂ ಒಂದಿದೆ. ಹಿಮೋಗ್ಲೋಬಿನ್ ಬರೀ 15 ಇರುತ್ತದೆ. ಅದೇ ರಿಪೋರ್ಟಿನ ಕೆಳಗೆ ಕೆಂಪು ಕಣಗಳ ಸಂಖ್ಯೆ 75 ಲಕ್ಷ, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 65 ಎಂದಿರುತ್ತದೆ. ಕಣಗಳು ಲೆಕ್ಕಕ್ಕಿಂತ ಹೆಚ್ಚಿವೆ, ಕಬ್ಬಿಣ ಸಾಲದೆ ಒಂದೊಂದೂ ಸಣ್ಣದಾಗಿದೆ ಎಂದು ಇದರ ಅರ್ಥ. ಇಂಥವರಿಗೆ 'ರಕ್ತ ಕಡಿಮೆ' ಎಂದು ಕಬ್ಬಿಣದ ಮಾತ್ರೆ ಕೊಟ್ಟರೆ ಕೆಲವೇ ವಾರಗಳಲ್ಲಿ ಪಿಸಿವಿ ಏರಿಬಿಡುತ್ತದೆ. ಹಿಮೋಗ್ಲೋಬಿನ್ ಒಂದನ್ನೇ ನೋಡದೆ ಇಡೀ ಸಾಲನ್ನು ಓದಿಸಿಕೊಳ್ಳಿ.

ಎಲ್ಲಿ ಹಾದಿ ತಪ್ಪುತ್ತದೆ

ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡ ಎರಿಥ್ರೊಪೊಯೆಟಿನ್ ಬಿಡುಗಡೆ ಮಾಡುತ್ತದೆ. ಅದು ಮಜ್ಜೆಯ ಎಳೆಯ ಕಣದ ಮೇಲಿನ ಗ್ರಾಹಕಕ್ಕೆ ಕೂರುತ್ತದೆ. ಗ್ರಾಹಕದ ಒಳತುದಿಗೆ ಅಂಟಿಕೊಂಡಿರುವ ಜ್ಯಾಕ್-2 ಎಂಬ ಕಿಣ್ವ ಚುರುಕಾಗಿ, ಸ್ಟ್ಯಾಟ್-5 ಎಂಬ ಪ್ರೋಟೀನ್ ಮೂಲಕ ಕಣದ ಕೇಂದ್ರಕ್ಕೆ 'ಬೆಳೆ, ವಿಭಜನೆಯಾಗು' ಎಂಬ ಆಜ್ಞೆ ಮುಟ್ಟಿಸುತ್ತದೆ. ಎರಿಥ್ರೊಪೊಯೆಟಿನ್ ಇಳಿದರೆ ಆಜ್ಞೆಯೂ ನಿಲ್ಲಬೇಕು. ಜ್ಯಾಕ್-2 ಜೀನಿನಲ್ಲಿ 2005ರಲ್ಲಿ ಪತ್ತೆಯಾದ ವಿ617ಎಫ್ ಎಂಬ ಮ್ಯುಟೇಶನ್ ಇರುವವರಲ್ಲಿ ಅದು ನಿಲ್ಲುವುದಿಲ್ಲ, ಗುಂಡಿ ಒಳಗೇ ಸಿಕ್ಕಿಕೊಂಡ ಕಾಲಿಂಗ್ ಬೆಲ್‌ನಂತೆ ಬಾರಿಸುತ್ತಲೇ ಇರುತ್ತದೆ. ಈ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಇದೇ ಮ್ಯುಟೇಶನ್. ಉಳಿದವರಲ್ಲಿ ಹೆಚ್ಚಿನವರಿಗೆ ಅದೇ ಜೀನಿನ ಎಕ್ಸಾನ್ 12 ಎಂಬ ಭಾಗದಲ್ಲಿ ದೋಷ. ಇದು ಹುಟ್ಟಿನಿಂದ ಬಂದದ್ದಲ್ಲ, ಬದುಕಿನ ನಡುವೆ, ರಕ್ತಕಣಗಳು ಹುಟ್ಟುವ ಒಂದು ಕಾಂಡಕೋಶದಲ್ಲಿ (ಸ್ಟೆಮ್ ಸೆಲ್) ಆದ ಬದಲಾವಣೆ. ಅದರ ಸಂತತಿ ನಿಧಾನವಾಗಿ ಮಜ್ಜೆಯನ್ನು ತುಂಬುತ್ತದೆ.

ಜ್ಯಾಕ್-2 ಕೇವಲ ಕೆಂಪು ಕಣದ ಕಿಣ್ವವಲ್ಲ. ರೋಗನಿರೋಧಕ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಸಣ್ಣ ಪ್ರೋಟೀನ್‌ಗಳಾದ ಸೈಟೊಕೈನ್‌ಗಳಲ್ಲಿ ಹಲವು ಇದೇ ಜ್ಯಾಕ್ ಬಳಗದ ಮೂಲಕ ಕೆಲಸ ಮಾಡುತ್ತವೆ. ಪಾಲಿಸೈಥೀಮಿಯಾದವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8, ಟಿಎನ್‌ಎಫ್-ಆಲ್ಫಾ ಮುಂತಾದವು ಹೆಚ್ಚಿರುವುದು ಸಾಮಾನ್ಯ. ಸುಸ್ತು, ರಾತ್ರಿ ಬೆವರು, ತೂಕ ಇಳಿಯುವುದು, ಇವುಗಳ ಹಿಂದೆ ಇವೇ ಇರುತ್ತವೆ. ಟಿಎನ್‌ಎಫ್ ಇನ್ನೂ ಒಂದು ಕೆಲಸ ಮಾಡುತ್ತದೆ. ಆರೋಗ್ಯವಂತ ಕಾಂಡಕೋಶಗಳನ್ನು ಅದು ಹತ್ತಿಕ್ಕುತ್ತದೆ, ಮ್ಯುಟೇಶನ್ ಇರುವವು ಅದನ್ನು ತಡೆದುಕೊಳ್ಳುತ್ತವೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಕೆಟ್ಟ ಕೋಶಗಳು ತಾವೇ ಹೆಚ್ಚಿಸಿದ ಉರಿಯೂತದಲ್ಲಿ ತಾವೇ ಲಾಭ ಪಡೆಯುತ್ತವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಮಜ್ಜೆ ನಾರುಗಟ್ಟುವುದನ್ನು ಚುರುಕುಗೊಳಿಸಿತು.

ಬಚ್ಚಲ ಹಂಡೆಯ ಬಿಸಿನೀರು ಮೈಮೇಲೆ ಹಾಕಿಕೊಂಡು ಹೊರಬಂದ ಹತ್ತು ನಿಮಿಷದಲ್ಲಿ, ಚರ್ಮದ ಮೇಲೆ ಒಂದು ಗುಳ್ಳೆಯೂ ಕಾಣದೆ ತೊಡೆ, ಬೆನ್ನು, ತೋಳಿನಲ್ಲಿ ಸೂಜಿ ಚುಚ್ಚಿದಂಥ ತುರಿಕೆ ಶುರುವಾದರೆ ಅದೂ ಈ ಕಾಯಿಲೆಯ ಲಕ್ಷಣವೇ. ಎಷ್ಟೋ ಜನ ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡು ಕಳೆಯುತ್ತಾರೆ. ಉಗುರುಬೆಚ್ಚಗಿನ ನೀರು, ಉಜ್ಜದೆ ಒತ್ತಿ ಒರೆಸಿಕೊಳ್ಳುವುದು ಸ್ವಲ್ಪ ಸಹಾಯ ಮಾಡುತ್ತದೆ. ರಕ್ತ ತೆಗೆಸಿ ಪಿಸಿವಿ ಇಳಿದರೂ ಈ ತುರಿಕೆ ಹೋಗದಿರಬಹುದು, ಯಾಕೆಂದರೆ ಇದು ರಕ್ತ ದಪ್ಪವಾದದ್ದರಿಂದಲೇ ಬಂದದ್ದಲ್ಲ.

ಎಲ್ಲ ಸೈಟೊಕೈನ್‌ಗಳೂ ಶತ್ರುಗಳಲ್ಲ. ಇಂಟರ್‌ಫೆರಾನ್-ಆಲ್ಫಾ ಕೂಡ ಸೈಟೊಕೈನೇ, ವೈರಸ್ ಬಂದಾಗ ದೇಹ ತಯಾರಿಸುವಂಥದ್ದು. ಅದು ನಿದ್ದೆಯಲ್ಲಿರುವ ಕಾಂಡಕೋಶಗಳನ್ನು ಎಬ್ಬಿಸುತ್ತದೆ. ಮ್ಯುಟೇಶನ್ ಇರುವ ಕೋಶಗಳು ಇದಕ್ಕೆ ಹೆಚ್ಚು ಸ್ಪಂದಿಸಿ, ಎದ್ದು, ಕ್ರಮೇಣ ಬರಿದಾಗುತ್ತವೆ. ಮುಂದಿನ ಹೋಲಿಕೆ ಪೂರ್ತಿ ನಿಂತಿರುವುದು ಇದರ ಮೇಲೆ: ರಕ್ತ ತೆಗೆಸುವುದು ಕಣಗಳನ್ನಷ್ಟೇ ಹೊರಹಾಕುತ್ತದೆ, ಹೈಡ್ರಾಕ್ಸಿಯೂರಿಯಾ ತಯಾರಿಕೆಯ ವೇಗ ಇಳಿಸುತ್ತದೆ, ನಾಲ್ಕನೆಯ ಆಯ್ಕೆಯಾದ ರಕ್ಸೊಲಿಟಿನಿಬ್ ಮಾತ್ರೆ ಆಜ್ಞೆಯನ್ನೂ ಉರಿಯೂತವನ್ನೂ ತಗ್ಗಿಸುತ್ತದೆ, ಇಂಟರ್‌ಫೆರಾನ್ ಬೇರಿನ ಕೋಶಗಳನ್ನೇ ಕಡಿಮೆ ಮಾಡುತ್ತದೆ.

ಯಾವ ಅಳತೆಗೋಲಿನಿಂದ ತೂಗಬೇಕು

ಮೊದಲನೆಯದು ರಕ್ತ ಹೆಪ್ಪುಗಟ್ಟುವ ಅಪಾಯ. ವಯಸ್ಸು 60 ದಾಟಿದ್ದರೆ ಅಥವಾ ಹಿಂದೊಮ್ಮೆ ಪಾರ್ಶ್ವವಾಯು, ಹೃದಯಾಘಾತ, ಕಾಲಿನ ಇಲ್ಲವೆ ಹೊಟ್ಟೆಯ ರಕ್ತನಾಳದಲ್ಲಿ ಹೆಪ್ಪು ಆಗಿದ್ದರೆ ಅದು ಹೆಚ್ಚು ಅಪಾಯದ ಗುಂಪು. ಎರಡೂ ಇಲ್ಲದವರು ಕಡಿಮೆ ಅಪಾಯದವರು. ಎರಡನೆಯದು ಮಕ್ಕಳಾಗುವ ಆಸೆ. ಮೂರನೆಯದು ಲಕ್ಷಣಗಳ ಕಾಟ: ತುರಿಕೆ, ಬೆವರು, ಗುಲ್ಮ (ಸ್ಪ್ಲೀನ್) ದೊಡ್ಡದಾಗಿ ಎರಡು ತುತ್ತಿಗೇ ಹೊಟ್ಟೆ ತುಂಬುವುದು. ನಾಲ್ಕನೆಯದು ದೂರ, ತಪಾಸಣೆಗೆ ಎಷ್ಟು ಬೇಗ ಬೇಗ ಹೋಗಬಲ್ಲಿರಿ, ಮನೆಯಲ್ಲಿ ಫ್ರಿಜ್ ಇದೆಯೇ, ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ. ಕೊನೆಯದು ತಿಂಗಳ ಖರ್ಚು. ಈ ಕಾಯಿಲೆಯ ಚಿಕಿತ್ಸೆ ದಶಕಗಟ್ಟಲೆ ನಡೆಯುವಂಥದ್ದು, ಆರು ತಿಂಗಳು ಸಾಲ ಮಾಡಿ ಆಮೇಲೆ ಬಿಡುವ ಔಷಧಕ್ಕಿಂತ ಬಿಡದೆ ತೆಗೆದುಕೊಳ್ಳಬಲ್ಲ ಔಷಧವೇ ಮೇಲು.

ಯಾವ ದಾರಿ ಹಿಡಿದರೂ ಗುರಿ ಒಂದೇ: ಪಿಸಿವಿ 45ರ ಕೆಳಗಿರಬೇಕು. 2013ರಲ್ಲಿ ಪ್ರಕಟವಾದ ಇಟಲಿಯ ಸೈಟೊ-ಪಿವಿ ಅಧ್ಯಯನದಲ್ಲಿ 365 ರೋಗಿಗಳಿದ್ದರು. ಪಿಸಿವಿ 45ರ ಕೆಳಗಿಟ್ಟವರಿಗಿಂತ 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ-ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪುಗಳು ಸುಮಾರು ನಾಲ್ಕು ಪಟ್ಟು ಹೆಚ್ಚಾಗಿದ್ದವು. '47 ಇದೆ, ಪರವಾಗಿಲ್ಲ' ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ರಕ್ತ ತೆಗೆಸುವುದು ಮತ್ತು ಆಸ್ಪಿರಿನ್

ಅತ್ಯಂತ ಅಗ್ಗ, ಅತ್ಯಂತ ಬೇಗ. ಬ್ಲಡ್ ಬ್ಯಾಂಕ್ ಇರುವ ಆಸ್ಪತ್ರೆಯಲ್ಲಿ ಒಂದು ಸಲಕ್ಕೆ 350ರಿಂದ 450 ಮಿ.ಲೀ. ತೆಗೆಯುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 200ರಿಂದ 250 ಸಾಕು, ಜೊತೆಗೆ ಸಲೈನ್ ಹಾಕಿಸಿಕೊಳ್ಳುವುದು ಲೇಸು. 450 ಮಿ.ಲೀ. ತೆಗೆದರೆ ಪಿಸಿವಿ ಸುಮಾರು 3 ಇಳಿಯುತ್ತದೆ. ಶುರುವಿನಲ್ಲಿ ವಾರಕ್ಕೊಮ್ಮೆ ಬೇಕಾಗಬಹುದು, 45ರ ಕೆಳಗೆ ಬಂದ ಮೇಲೆ ಏರಿದಾಗ ಮಾತ್ರ. ಹೋಗುವ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ. ರಕ್ತ ದಪ್ಪವಿದ್ದಾಗ ಸೂಜಿಯಲ್ಲಿ ಹರಿವು ನಿಧಾನವಾಗುತ್ತದೆ, ನೀರು ಕುಡಿದಿದ್ದರೆ ನಾಳವೂ ಚೆನ್ನಾಗಿ ಸಿಗುತ್ತದೆ. ಮುಗಿದ ಮೇಲೆ ಕಾಲು ಗಂಟೆ ಕೂತು ಏಳಿ. ಅವತ್ತು ಅಡಿಕೆ ಮರ ಏರುವುದು, ದೋಣಿಗೆ ಹೋಗುವುದು ಬೇಡ.

ಕಬ್ಬಿಣದ ವಿಷಯ ಮನೆಯವರಿಗೆಲ್ಲ ಗೊತ್ತಿರಬೇಕು. ಒಂದು ಬ್ಯಾಗ್ ರಕ್ತದ ಜೊತೆ 200 ಮಿ.ಗ್ರಾಂ.ಗಿಂತ ಹೆಚ್ಚು ಕಬ್ಬಿಣ ಹೋಗುತ್ತದೆ. ಹೋಗಲೆಂದೇ ತೆಗೆಯುವುದು, ಕಬ್ಬಿಣ ಇಲ್ಲದೆ ಮಜ್ಜೆ ಹೊಸ ಕಣ ಕಟ್ಟಲಾರದು. ಹಾಗಾಗಿ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ) ಕಡಿಮೆ ಎಂದು ಯಾರೋ ಬರೆದುಕೊಟ್ಟ ಕಬ್ಬಿಣದ ಟಾನಿಕ್ ಕುಡಿದರೆ ಮಾಡಿದ್ದೆಲ್ಲ ವ್ಯರ್ಥ. ಇದರ ಬೆಲೆಯೂ ಇದೆ: ಕಬ್ಬಿಣದ ಕೊರತೆಯಿಂದ ಸುಸ್ತು, ಕೂದಲು ಉದುರುವುದು, ಕಾಲು ನೆಮ್ಮದಿಯಿಲ್ಲದೆ ಆಡುವುದು. ಈ ಸುಸ್ತು ತಡೆಯಲಾರದಂತಾದರೆ ಅದು ಟಾನಿಕ್ ಕುಡಿಯುವ ಹೊತ್ತಲ್ಲ, ಔಷಧಕ್ಕೆ ಬದಲಾಗುವ ಹೊತ್ತು.

ಆಸ್ಪಿರಿನ್ ದಿನಕ್ಕೆ 75ರಿಂದ 100 ಮಿ.ಗ್ರಾಂ., ಊಟದ ನಂತರ. ಅಂಗಾಲು-ಅಂಗೈ ಉರಿದು ಕೆಂಪಾಗುವ ತೊಂದರೆ ಇದ್ದರೆ ಇದರಲ್ಲೇ ಇಳಿಯುತ್ತದೆ. ಪ್ಲೇಟ್‌ಲೆಟ್ 10 ಲಕ್ಷ ದಾಟಿದ್ದರೆ ಮೊದಲು ರಕ್ತ ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲೆಬ್ರಾಂಡ್ ಪ್ರೋಟೀನಿನ ಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಅತಿಯಾದಾಗ ಆ ಪ್ರೋಟೀನ್ ಕಡಿಮೆಯಾಗಿ, ಆಸ್ಪಿರಿನ್ ಸೇರಿದರೆ ರಕ್ತಸ್ರಾವವಾಗುತ್ತದೆ. ಮಳೆಗಾಲದ ತೋಟದಲ್ಲಿ ಉಂಬಳ ಕಚ್ಚಿದ ಜಾಗದಿಂದ ಬಹಳ ಹೊತ್ತು ರಕ್ತ ಸೋರುವುದು ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಸಹಜ, ಬಟ್ಟೆ ಒತ್ತಿ ಕಟ್ಟಿದರೆ ನಿಲ್ಲುತ್ತದೆ. ಒಸಡಿನಿಂದ, ಮಲದಲ್ಲಿ ರಕ್ತ ಬಂದರೆ ಕಾಯಬಾರದು.

ಕಡಿಮೆ ಅಪಾಯದ, ಲಕ್ಷಣಗಳು ಹೆಚ್ಚಿಲ್ಲದ ಚಿಕ್ಕ ವಯಸ್ಸಿನವರಿಗೆ ಇದು ಸಾಕಾಗಬಹುದು. ಸೈಟೊಕೈನ್‌ಗಳ ಮೇಲೆ, ಗುಲ್ಮದ ಮೇಲೆ, ಮ್ಯುಟೇಶನ್ ಇರುವ ಕೋಶಗಳ ಮೇಲೆ ರಕ್ತ ತೆಗೆಸುವುದರಿಂದ ಯಾವ ಪರಿಣಾಮವೂ ಇಲ್ಲ.

ಹೈಡ್ರಾಕ್ಸಿಯೂರಿಯಾ

ಹೆಚ್ಚು ಅಪಾಯದವರಿಗೆ ನಮ್ಮಲ್ಲಿ ಮೊದಲು ಬರೆಯುವುದು ಇದನ್ನೇ. 500 ಮಿ.ಗ್ರಾಂ. ಕ್ಯಾಪ್ಸೂಲ್, ಸಾಮಾನ್ಯವಾಗಿ ದಿನಕ್ಕೆ ಎರಡರಿಂದ ಶುರು. ಫ್ರಿಜ್ ಬೇಡ, ಬೆಲೆ ಕೈಗೆಟುಕುವಂಥದ್ದು, ಕೆಲವೇ ವಾರಗಳಲ್ಲಿ ಪಿಸಿವಿ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿಯುತ್ತವೆ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ, ಹದಕ್ಕೆ ಬಂದ ಮೇಲೆ ಎರಡು-ಮೂರು ತಿಂಗಳಿಗೊಮ್ಮೆ ಸಿಬಿಸಿ (ರಕ್ತಕಣಗಳ ಎಣಿಕೆ) ಬೇಕು. ಇದನ್ನು ಊರಿನ ಲ್ಯಾಬಿನಲ್ಲೇ ಮಾಡಿಸಿ ವಾಟ್ಸ್ಆಪ್‌ನಲ್ಲಿ ಕಳಿಸಿದರೆ ಬಹುತೇಕ ವೈದ್ಯರು ಒಪ್ಪುತ್ತಾರೆ. ಘಟ್ಟ ಇಳಿದು ಹತ್ತುವವರಿಗೆ ಇದು ದೊಡ್ಡ ಅನುಕೂಲ. ನ್ಯೂಟ್ರೊಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) 1000ಕ್ಕಿಂತ ಅಥವಾ ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಎಂಸಿವಿ 110 ದಾಟಿ ಏರುವುದು ಔಷಧದ ಗುಣ, ಅದಕ್ಕೆ ಹೆದರಬೇಕಿಲ್ಲ.

ತೊಂದರೆ ಬರುವುದು ಚರ್ಮಕ್ಕೆ. ಉಗುರು ಕಪ್ಪಾಗುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ. ಪಾದದ ಗಂಟಿನ ಬಳಿ ಹುಣ್ಣಾದರೆ ಅದು ಬೇರೆ ಮಾತು: ಔಷಧ ನಿಲ್ಲಿಸದೆ ಬಹುಪಾಲು ವಾಸಿಯಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲಿ ನಿಂತು ಕೆಲಸ ಮಾಡುವವರು ದಿನಾ ಸಂಜೆ ಕಾಲು ತೊಳೆದು ಒರೆಸಿ ಗಂಟಿನ ಸುತ್ತ ಕಣ್ಣಾಡಿಸಲಿ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿಸಿಲು ಬೀಳುವ ಚರ್ಮದಲ್ಲಿ ಒರಟು ಪದರ, ಚರ್ಮದ ಕ್ಯಾನ್ಸರ್ ಹೆಚ್ಚು. ಮೀನುಗಾರಿಕೆಗೆ ಹೋಗುವವರಿಗೆ ತುಂಬು ತೋಳಿನ ಅಂಗಿ, ಅಗಲ ಟೊಪ್ಪಿ ಖಾಯಂ. ಗರ್ಭಧಾರಣೆಗೆ ಇದು ಆಗದು. ಗಂಡಸರೂ ಮಗುವಿಗೆ ಪ್ರಯತ್ನಿಸುವ ಕನಿಷ್ಠ ಮೂರು ತಿಂಗಳ ಮೊದಲು ವೈದ್ಯರ ಜೊತೆ ಮಾತಾಡಿ ನಿಲ್ಲಿಸಬೇಕು.

ದಿನಕ್ಕೆ 2 ಗ್ರಾಂ ತೆಗೆದುಕೊಂಡೂ ಮೂರು ತಿಂಗಳ ನಂತರ ರಕ್ತ ತೆಗೆಸುವುದು ತಪ್ಪದಿದ್ದರೆ ಔಷಧ ಸೋತಿದೆ ಎಂದರ್ಥ. ಅದನ್ನೇ ಎಳೆಯದೆ ಬದಲಾವಣೆ ಕೇಳಿ.

ಇಂಟರ್‌ಫೆರಾನ್

ನಾಲ್ಕರಲ್ಲಿ ನಿಧಾನವಾದದ್ದೂ, ಆಳಕ್ಕೆ ಇಳಿಯುವುದೂ ಇದೇ. ಹಿಂದೆ ಹೆಪಟೈಟಿಸ್‌ಗೆ ಬಳಸುತ್ತಿದ್ದ ಪೆಗ್‌ಇಂಟರ್‌ಫೆರಾನ್ ಆಲ್ಫಾ-2ಎ ವಾರಕ್ಕೊಮ್ಮೆ, ಸಾಮಾನ್ಯವಾಗಿ 45 ಮೈಕ್ರೊಗ್ರಾಂನಿಂದ ಶುರು. ಎರಡು ವಾರಕ್ಕೊಮ್ಮೆ ಕೊಡುವ ರೋಪೆಗ್‌ಇಂಟರ್‌ಫೆರಾನ್‌ಗೆ ಯುರೋಪಿನಲ್ಲಿ 2019ರಲ್ಲಿ, ಅಮೆರಿಕದಲ್ಲಿ 2021ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕಿತು. ಅದನ್ನು ಹೈಡ್ರಾಕ್ಸಿಯೂರಿಯಾ ಜೊತೆ ಹೋಲಿಸಿದ ಅಧ್ಯಯನದಲ್ಲಿ ಮೊದಲ ವರ್ಷ ಎರಡೂ ಹೆಚ್ಚುಕಡಿಮೆ ಸಮ. ಮೂರನೆಯ ವರ್ಷಕ್ಕೆ ರಕ್ತಕಣಗಳು ಪೂರ್ತಿ ಹದಕ್ಕೆ ಬಂದವರು ಇಂಟರ್‌ಫೆರಾನ್‌ನಲ್ಲಿ ನೂರಕ್ಕೆ 71, ಇನ್ನೊಂದು ಗುಂಪಿನಲ್ಲಿ 51. ಜ್ಯಾಕ್-2 ಮ್ಯುಟೇಶನ್‌ನ ಪ್ರಮಾಣವೂ ಇಂಟರ್‌ಫೆರಾನ್ ತೆಗೆದುಕೊಂಡವರಲ್ಲೇ ಹೆಚ್ಚು ಇಳಿಯಿತು. ಮೊದಲ ಆರು ತಿಂಗಳು 'ಏನೂ ಆಗುತ್ತಿಲ್ಲ' ಅನಿಸುವುದು ಸಹಜ. ಆ ಹೊತ್ತಿನಲ್ಲಿ ರಕ್ತ ತೆಗೆಸುವುದನ್ನು ಮುಂದುವರಿಸಬೇಕು.

ಚುಚ್ಚಿಕೊಂಡ ರಾತ್ರಿ ಚಳಿ, ಮೈಕೈ ನೋವು, ಜ್ವರ ಬರುತ್ತದೆ. ರಜೆಯ ಹಿಂದಿನ ಸಂಜೆ, ಅರ್ಧ ಗಂಟೆ ಮುಂಚೆ ಪ್ಯಾರಾಸಿಟಮಾಲ್ ನುಂಗಿ, ಹೊಟ್ಟೆಯ ಚರ್ಮದಡಿ ಪ್ರತಿ ಸಲ ಜಾಗ ಬದಲಿಸಿ ಚುಚ್ಚಿಕೊಂಡರೆ ತಡೆದುಕೊಳ್ಳಬಹುದು. ಕೆಲವು ವಾರಗಳಲ್ಲಿ ಇದು ಕಡಿಮೆಯಾಗುತ್ತದೆ. ಗಂಭೀರವಾಗಿ ನೋಡಬೇಕಾದದ್ದು ಮನಸ್ಸನ್ನು. ಖಿನ್ನತೆ ಹಿಂದೆ ಜೋರಾಗಿ ಬಂದವರಿಗೆ, ಆಟೋಇಮ್ಯೂನ್ ಕಾಯಿಲೆ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗುವುದು) ಇರುವವರಿಗೆ ಇದು ಸಾಮಾನ್ಯವಾಗಿ ಬೇಡ. ಉಳಿದವರಲ್ಲೂ ನಿದ್ದೆ ಕೆಡುವುದು, ಸಿಡುಕು, ಯಾರ ಹತ್ತಿರವೂ ಮಾತು ಬೇಡ ಅನಿಸುವುದು ಔಷಧದಿಂದ ಇರಬಹುದು ಎಂದು ಮನೆಯವರಿಗೆ ಮೊದಲೇ ಹೇಳಿಡಿ. ಲಿವರ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನು ಶುರುವಿಗೂ ಆಮೇಲೆ ಮೂರು ತಿಂಗಳಿಗೊಮ್ಮೆಯೂ ಮಾಡಿಸಬೇಕು.

ಘಟ್ಟದ ಮೇಲಿನ ಮನೆಗಳಿಗೆ ನಿಜವಾದ ಕಷ್ಟ ಶೈತ್ಯ. ಸಿರಿಂಜ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ಫ್ರಿಜ್‌ನ ಬಾಗಿಲಲ್ಲೂ ಫ್ರೀಜರ್‌ಗೆ ತಾಗಿಯೂ ಇಡದೆ ನಡುವಿನ ತಟ್ಟೆಯಲ್ಲಿಡಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿಸಿ ತರುವಾಗ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್‌ಪ್ಯಾಕ್‌ಗೆ ಬಟ್ಟೆ ಸುತ್ತಿ, ಸಿರಿಂಜ್‌ಗೆ ನೇರ ತಾಗದಂತೆ ಇಡಿ. ಆಷಾಢದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಾದರೆ ನಾಲ್ಕು ತಿಂಗಳ ಔಷಧ ಒಟ್ಟಿಗೆ ತರಬೇಡಿ. ತಾಲೂಕು ಪೇಟೆಯಲ್ಲಿ ಜನರೇಟರ್ ಇರುವ ಮೆಡಿಕಲ್ ಅಂಗಡಿಯಲ್ಲಿ ಇಡಿಸಿ ವಾರಕ್ಕೊಂದರಂತೆ ತರುವುದೇ ಮೇಲು. ಇನ್ನೊಂದು: 180 ಮೈಕ್ರೊಗ್ರಾಂನ ಸಿರಿಂಜ್ ತಂದು ಉಳಿದದ್ದನ್ನು ಮುಂದಿನ ವಾರಕ್ಕೆಂದು ಎತ್ತಿಡುವ ರೂಢಿ ಅಪಾಯದ್ದು. ಒಂದೇ ಸಲದ ಸಿರಿಂಜ್ ತೆರೆದ ಮೇಲೆ ಅದರಲ್ಲಿ ಸೋಂಕು ಸೇರಬಹುದು.

ಖರ್ಚು ತಿಂಗಳಿಗೆ ಸಾವಿರಗಳ ಲೆಕ್ಕ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು, ಯಾವ ಭಾಗ ಸಿಗುತ್ತದೆ ಎಂದು ಔಷಧ ಶುರುವಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಮಕ್ಕಳು ಬೇಕೆನ್ನುವ ಹೆಂಗಸರಿಗೆ, ಮುಂದೆ ಮೂವತ್ತು-ನಲವತ್ತು ವರ್ಷ ಕಾಯಿಲೆಯ ಜೊತೆ ಬದುಕಬೇಕಾದ ಯುವಕರಿಗೆ ನಮ್ಮ ಅಭಿಪ್ರಾಯದಲ್ಲಿ ಮೊದಲು ವಿಚಾರಿಸಬೇಕಾದದ್ದು ಇದನ್ನೇ. ಗರ್ಭಿಣಿಯರಿಗೆ ರಕ್ತಕಣ ಇಳಿಸುವ ಔಷಧ ಬೇಕಾದರೆ ಬಳಸುವುದೂ ಇಂಟರ್‌ಫೆರಾನ್‌ನನ್ನೇ.

ರಕ್ಸೊಲಿಟಿನಿಬ್

ಜ್ಯಾಕ್-1, ಜ್ಯಾಕ್-2 ಎರಡನ್ನೂ ತಡೆಯುವ ಮಾತ್ರೆ. ಹೈಡ್ರಾಕ್ಸಿಯೂರಿಯಾ ಕೆಲಸ ಮಾಡದವರಿಗೆ ಅಥವಾ ಒಗ್ಗದವರಿಗೆ, 10 ಮಿ.ಗ್ರಾಂ. ದಿನಕ್ಕೆರಡು ಸಲ. ಸೈಟೊಕೈನ್‌ಗಳ ಗದ್ದಲ ತಗ್ಗುವುದರಿಂದ ತುರಿಕೆ, ಬೆವರು, ಗುಲ್ಮದ ಭಾರ ವಾರಗಳಲ್ಲೇ ಇಳಿಯುತ್ತವೆ. ಹೈಡ್ರಾಕ್ಸಿಯೂರಿಯಾ ಸೋತ ಅಥವಾ ಒಗ್ಗದ 222 ರೋಗಿಗಳ ಮೇಲೆ ನಡೆದ ರೆಸ್ಪಾನ್ಸ್ ಅಧ್ಯಯನದಲ್ಲಿ ಪಿಸಿವಿ ಹತೋಟಿಗೆ ಬಂದವರು ನೂರಕ್ಕೆ 60, ಇತರ ಚಿಕಿತ್ಸೆಯಲ್ಲಿ 20.

ಅದೇ ಗುಣ ಅಪಾಯವನ್ನೂ ತರುತ್ತದೆ: ರೋಗನಿರೋಧಕ ಸಂಕೇತ ತಗ್ಗಿದರೆ ಮಲಗಿದ್ದ ಕ್ಷಯ, ಹೆಪಟೈಟಿಸ್-ಬಿ, ಸರ್ಪಸುತ್ತು ಎದ್ದು ಬರಬಹುದು. ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಇಲ್ಲದೆ ಶುರು ಮಾಡಬೇಡಿ. ಫ್ಲುಕೊನಜೋಲ್, ಕ್ಲಾರಿಥ್ರೊಮೈಸಿನ್ ಇದರ ಮಟ್ಟ ಏರಿಸುತ್ತವೆ, ರಿಫಾಂಪಿಸಿನ್ ಇಳಿಸುತ್ತದೆ. ಹಿತ್ತಲಿನ ಚಕ್ಕೋತವನ್ನೂ ದೂರವಿಡುವುದು ಒಳ್ಳೆಯದು. ದುಡ್ಡು ಸಾಲದೆಂದು, ಮಾತ್ರೆ ಮುಗಿಯಿತೆಂದು ಒಮ್ಮೆಲೇ ನಿಲ್ಲಿಸಿದರೆ ಹತ್ತಿಕ್ಕಿದ್ದ ಸೈಟೊಕೈನ್‌ಗಳು ಒಟ್ಟಿಗೆ ಏರಿ ಜ್ವರ, ಉಸಿರಾಟದ ತೊಂದರೆ ಬರಬಹುದು. ಹತ್ತು ದಿನದ ಮಾತ್ರೆ ಸದಾ ಹೆಚ್ಚಿಗೆ ಇಟ್ಟುಕೊಳ್ಳಲಾಗದವರು ಈ ದಾರಿಗೆ ಇಳಿಯುವ ಮೊದಲು ಯೋಚಿಸಲಿ.

ಯಾರಿಗೆ ಯಾವುದು

35ರ, ಕಾಟವಿಲ್ಲದ ಅಂಕೋಲೆಯ ಶಿಕ್ಷಕರಿಗೆ ರಕ್ತ ತೆಗೆಸುವುದು-ಆಸ್ಪಿರಿನ್‌ನಿಂದ ಶುರು ಮಾಡಬಹುದು. ವರ್ಷಕ್ಕೆ ಆರೇಳು ಸಲ ತೆಗೆಸಬೇಕಾಗಿ ಬಂದರೆ, ಅಥವಾ ಬಿಳಿ ಕಣ, ಪ್ಲೇಟ್‌ಲೆಟ್ ಏರುತ್ತ ಹೋದರೆ ಇಂಟರ್‌ಫೆರಾನ್ ಕಡೆ ತಿರುಗುವುದು ಸರಿ. ಪಾರ್ಶ್ವವಾಯು ಆಗಿ ಚೇತರಿಸಿಕೊಂಡ 68ರ ಭಟ್ಕಳದ ಮೀನುಗಾರರಿಗೆ ಹೈಡ್ರಾಕ್ಸಿಯೂರಿಯಾ ಇವತ್ತೇ ಬೇಕು, ಇಂಟರ್‌ಫೆರಾನ್‌ನ ನಿಧಾನ ಅವರಿಗೆ ಹೊಂದುವುದಿಲ್ಲ. ಹೈಡ್ರಾಕ್ಸಿಯೂರಿಯಾದಿಂದ ಕಾಲು ಹುಣ್ಣಾದ ಯಲ್ಲಾಪುರದ ತೋಟಿಗರಿಗೆ ವಯಸ್ಸು, ಮನಸ್ಥಿತಿ, ಫ್ರಿಜ್ ನೋಡಿ ಇಂಟರ್‌ಫೆರಾನ್ ಅಥವಾ ರಕ್ಸೊಲಿಟಿನಿಬ್. ತುರಿಕೆ ಮತ್ತು ಗುಲ್ಮವೇ ಬದುಕನ್ನು ಹಾಳು ಮಾಡುತ್ತಿದ್ದರೆ ರಕ್ಸೊಲಿಟಿನಿಬ್‌ನಷ್ಟು ಬೇಗ ಬೇರೆ ಯಾವುದೂ ಸಮಾಧಾನ ಕೊಡುವುದಿಲ್ಲ.

ಯಾವುದನ್ನೇ ಹಿಡಿಯಿರಿ, ನಮ್ಮ ಜಿಲ್ಲೆಯಲ್ಲಿ ಜ್ವರದ ಲೆಕ್ಕ ಬೇರೆ. ಮಳೆಗಾಲದಲ್ಲಿ ಡೆಂಗ್ಯೂ, ಇಲಿಜ್ವರ, ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ-ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ. ಇವು ಪ್ಲೇಟ್‌ಲೆಟ್ ಇಳಿಸುತ್ತವೆ, ಹೈಡ್ರಾಕ್ಸಿಯೂರಿಯಾವೂ ಇಂಟರ್‌ಫೆರಾನೂ ಇಳಿಸುತ್ತವೆ, ಆಸ್ಪಿರಿನ್ ಉಳಿದ ಪ್ಲೇಟ್‌ಲೆಟ್‌ಗಳ ಕೆಲಸ ತಡೆಯುತ್ತದೆ. ಜ್ವರ ಬಂದ ದಿನವೇ ಸಿಬಿಸಿ ಮಾಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಡೈಕ್ಲೊಫಿನಾಕ್ ಇಂಜೆಕ್ಷನ್ ಅಥವಾ ಐಬುಪ್ರೊಫೆನ್ ಬೇಡವೆಂದು ಮೊದಲೇ ಹೇಳಿ. ಆಸ್ಪಿರಿನ್ ಮತ್ತು ಹೈಡ್ರಾಕ್ಸಿಯೂರಿಯಾ ನಿಲ್ಲಿಸಬೇಕೇ ಎಂದು ರಿಪೋರ್ಟ್ ಬಂದ ತಕ್ಷಣ ನಿಮ್ಮ ರಕ್ತರೋಗ ತಜ್ಞರನ್ನು ಫೋನಿನಲ್ಲಿ ಕೇಳಿ, ರಕ್ಸೊಲಿಟಿನಿಬ್ ಅನ್ನಂತೂ ನೀವಾಗಿ ನಿಲ್ಲಿಸಬೇಡಿ. ಔಷಧದ ಹೆಸರು, ಪ್ರಮಾಣ, ಜ್ಯಾಕ್-2 ರಿಪೋರ್ಟಿನ ಫೋಟೊ, ತಜ್ಞರ ನಂಬರು, ಇಷ್ಟೂ ನಿಮ್ಮ ಮೊಬೈಲಿನಲ್ಲಿಯೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲಿಯೂ ಇರಲಿ.